ಹಳೆಯ ಗಾಜಿನ ಟ್ಯಾಂಕ್, ಬಾವಿಯ ನೀರು: ಕಡಿಮೆ ಖರ್ಚಿನಲ್ಲಿ ಮೀನು ಸಾಕುವ ಕಾಸರಗೋಡಿಗರಿಗೆ

ಕಾಸರಗೋಡಿನ ಕಡೆ ಹಳೆಯ ಅಕ್ವೇರಿಯಂ ಹುಡುಕುವುದು ಕಷ್ಟವಲ್ಲ. ಗಲ್ಫಿಗೆ ಹೊರಟ ಕುಟುಂಬ, ಬಾಡಿಗೆ ಮನೆ ಬದಲಿಸುವವರು, ಮಂಗಳೂರಿನಲ್ಲಿ ಓದು ಮುಗಿಸಿ ಕೋಣೆ ಖಾಲಿ ಮಾಡುವ ಹುಡುಗರು, ಮಕ್ಕಳ ಹುಚ್ಚು ಇಳಿದ ಮೇಲೆ ಟ್ಯಾಂಕನ್ನು ಟೆರೇಸಿಗೆ ಸಾಗಿಸಿದವರು, ಎಲ್ಲರಿಗೂ ಅದು ಒಮ್ಮೆ ಮನೆಯಿಂದ ಹೋದರೆ ಸಾಕು. ಗುಜರಿ ಅಂಗಡಿಯಲ್ಲೂ ಸಿಗುತ್ತದೆ. ಕಷ್ಟ ಶುರುವಾಗುವುದು ತಂದ ಮೇಲೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿ ದೇಶದವರು, ಕ್ಲೋರಿನ್ ಹಾಕಿದ ಗಡಸು ನಲ್ಲಿ ನೀರು ಬಳಸುವವರು ಬರೆದವು. ನಮ್ಮದು ಕೆಂಪುಕಲ್ಲಿನ ನೆಲ. ಬಾವಿಯ ನೀರು ಮೆದು, ಸ್ವಲ್ಪ ಹುಳಿ, ಸುಣ್ಣದಂಶ ತೀರಾ ಕಡಿಮೆ. ಅವರು ದುಡ್ಡು ಹಾಕಿ ಕೊಳ್ಳಿ ಎನ್ನುವ ಅರ್ಧ ಸಾಮಾನು ನಮಗೆ ಬೇಡ. ನಮಗೆ ಬೇಕಾದ ಒಂದೆರಡು ವಿಷಯವನ್ನು ಅವರು ಹೇಳುವುದೇ ಇಲ್ಲ.

ಯಾವ ಅಳತೆ

ಮೊದಲ ಸಲ ಕೊಳ್ಳುವವರು 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕಿಗಿಂತ ಚಿಕ್ಕದನ್ನು ಮುಟ್ಟಬೇಡಿ. ಅದರಲ್ಲಿ ಅಂಚಿನವರೆಗೆ ತುಂಬಿದರೆ 54 ಲೀಟರ್ ಹಿಡಿಯುತ್ತದೆ. ಮರಳು ಹಾಕಿ ಮೇಲೆ ಜಾಗ ಬಿಟ್ಟರೆ 45ರ ಆಸುಪಾಸು. ಮೇಜಿನ ಮೇಲಿಡುವ ದುಂಡು ಬೌಲ್ ಅಗ್ಗವಾಗಿ ಕಂಡರೂ ನೀರು ಕಡಿಮೆಯಾದಷ್ಟೂ ಕೆಡುವುದು ಬೇಗ. 3 ಅಡಿಯದು ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ 3 × 1.5 × 1.5 ಅಡಿಯ ಟ್ಯಾಂಕಿನಲ್ಲಿ ನೀರೇ 180 ಕಿಲೋ ದಾಟುತ್ತದೆ ಎನ್ನುವುದು ನೆನಪಿರಲಿ.

ಬೆಲೆ ಮಾತಾಡುವಾಗ ಹೊಸ ಟ್ಯಾಂಕಿನ ಬೆಲೆ ಮೊದಲೇ ಅಂಗಡಿಯಲ್ಲಿ ಕೇಳಿಟ್ಟುಕೊಳ್ಳಿ. ಬರೀ ಗಾಜಿಗೆ ಅದರ ಅರ್ಧಕ್ಕಿಂತ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಹಳೆಯ ಹೀಟರ್, ಬಣ್ಣದ ಕಲ್ಲು, ಬಾಯಿ ತೆರೆಯುವ ಪ್ಲಾಸ್ಟಿಕ್ ಮೊಸಳೆ, "ಎಲ್ಲಾ ಸೇರಿ ಇಷ್ಟು" ಎಂದರೆ ಅವನ್ನೆಲ್ಲ ಲೆಕ್ಕದಿಂದ ಕಳೆಯಿರಿ. ಕರಾವಳಿಯಲ್ಲಿ ಹೀಟರ್ ಬೇಡವೇ ಬೇಡ. ಸ್ಟ್ಯಾಂಡ್ ಮರದ ಹುಡಿಯ ಹಲಗೆಯದ್ದಾದರೆ ಅದನ್ನೂ ಬಿಡಿ. ಎರಡು ಮಳೆಗಾಲ ಕಂಡ ಆ ಹಲಗೆ ಉಬ್ಬಿ ಬಿಸ್ಕತ್ತಿನಂತೆ ಆಗಿರುತ್ತದೆ.

ಗಾಜನ್ನು ನೋಡುವ ಬಗೆ

ಒಂದು ಟಾರ್ಚ್, ಒಂದು ಟೇಪು, ಒಂದು ಹಳೆಯ ಬಟ್ಟೆ ಕೈಯಲ್ಲಿರಲಿ. ಹಗಲಿನಲ್ಲೇ ಹೋಗಿ. ಮೊದಲು ದಪ್ಪ ಅಳೆಯಿರಿ. 2 × 1 × 1 ಅಡಿಗೆ 5 ಮಿ.ಮೀ. ಗಾಜು ಸಾಕು. ಒಂದೂವರೆ ಅಡಿ ಎತ್ತರದ 3 ಅಡಿ ಟ್ಯಾಂಕ್ 5 ಮಿ.ಮೀ.ಯಲ್ಲಿ ಕಟ್ಟಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ಅದಕ್ಕೆ 8 ಮಿ.ಮೀ. ಆದರೂ ಇರಬೇಕು, ಮೇಲ್ಗಡೆ ಉದ್ದಕ್ಕೆ ಗಾಜಿನ ಪಟ್ಟಿಯೂ ಇರಬೇಕು.

ಆಮೇಲೆ ಮೂಲೆಗಳು. ಟಾರ್ಚನ್ನು ಗಾಜಿಗೆ ತಾಗಿಸಿ ಓರೆಯಾಗಿ ಹಿಡಿದು ನಿಧಾನವಾಗಿ ಜೋಡಣೆಯ ಉದ್ದಕ್ಕೂ ಎಳೆಯಿರಿ. ಎರಡು ಗಾಜುಗಳ ನಡುವೆ ಇರುವ ಸಿಲಿಕೋನ್ ಒಂದೇ ಸಮನೆ ಕಪ್ಪಾಗಿ ಅಥವಾ ಪಾರದರ್ಶಕವಾಗಿ ಕಾಣಬೇಕು. ನಡುವೆ ಬೆಳ್ಳಿಯ ಹಾಗೆ ಮಿನುಗುವ ಚಪ್ಪಟೆ ಗುಳ್ಳೆ ಕಂಡರೆ ಅಲ್ಲಿ ಅಂಟು ಬಿಟ್ಟಿದೆ ಎಂದರ್ಥ. ಒಳಮೂಲೆಯ ಸಿಲಿಕೋನನ್ನು ಉಗುರಿನಿಂದ ಮೆಲ್ಲನೆ ಒತ್ತಿ. ರಬ್ಬರಿನ ಹಾಗೆ ಬಗ್ಗಿ ಮರಳಿದರೆ ಸರಿ. ಗಟ್ಟಿಯಾಗಿ ಅಂಚು ಎದ್ದು ಬಂದರೆ ಒಳಗಿನ ಸಿಲಿಕೋನ್ ಪೂರಾ ತೆಗೆದು ಹೊಸದಾಗಿ ಹಾಕುವ ಕೆಲಸ ಇದೆ. ಮೇಲಂಚಿನಲ್ಲಿ ಸಣ್ಣ ಚಕ್ಕೆ ಹಾರಿದ್ದರೆ ಚಿಂತೆಯಿಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ. ತಳದ ಗಾಜಿನಲ್ಲಿ ಕೂದಲೆಳೆಯ ಬಿರುಕು ಇದ್ದರೂ ಬೇಡ. (ಅಂಥದ್ದು ತರಕಾರಿ ಸಸಿ ಮಾಡಲು ಚೆನ್ನಾಗಿ ಆಗುತ್ತದೆ.)

ಒಳಗಾಜಿನ ಬಿಳಿ ಪೊರೆ ಸುಣ್ಣದ ಕಲೆ, ವಿನೆಗರಿಗೆ ಹೋಗುತ್ತದೆ. ಗೀರು ಹೋಗುವುದಿಲ್ಲ, ನೀರು ತುಂಬಿದ ಮೇಲೆ ಅಷ್ಟು ಕಾಣುವುದೂ ಇಲ್ಲ.

ನಿಜವಾದ ಲಾಭ ಒದ್ದೆ ಸ್ಪಾಂಜಿನಲ್ಲಿ

ಟ್ಯಾಂಕ್ ಇನ್ನೂ ಮೀನುಗಳೊಂದಿಗೆ ನಡೆಯುತ್ತಿರುವಾಗಲೇ ಕೊಳ್ಳಲು ಸಿಕ್ಕಿದರೆ ಅದೃಷ್ಟ. ಮೀನಿನ ಹೇಲು ಮತ್ತು ಉಳಿದ ತಿಂಡಿಯಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದು ಸ್ವಲ್ಪ ಇದ್ದರೆ ತೊಂದರೆಯಿಲ್ಲ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದು ಬಹಳ ಕಡಿಮೆ, ಹೆಚ್ಚಿನವು ಫಿಲ್ಟರಿನ ಸ್ಪಾಂಜು ಮತ್ತು ಮರಳಿಗೆ ಅಂಟಿಕೊಂಡಿರುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯೂರಲು 4ರಿಂದ 6 ವಾರ ಬೇಕು.

ಮಾರುವವರು ಮರ್ಯಾದೆಯಿಂದ ಎಲ್ಲವನ್ನೂ ತೊಳೆದು ಒಣಗಿಸಿ ಕೊಡಲು ಹೊರಡುತ್ತಾರೆ. ಫೋನಿನಲ್ಲಿ ಮಾತಾಡುವಾಗಲೇ ತಡೆಯಿರಿ: "ಅಕ್ಕಾ, ಫಿಲ್ಟರ್ ತೊಳೆಯಬೇಡಿ, ಹಾಗೇ ಇರಲಿ, ನಾನೇ ತೆಗೆಯುತ್ತೇನೆ." ಆ ಕೊಳಕು ಸ್ಪಾಂಜನ್ನು ಅದೇ ಟ್ಯಾಂಕಿನ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿ. ಅರ್ಧ ಡಬ್ಬಿ ನೀರು, ಅರ್ಧ ಗಾಳಿ ಇರಲಿ. ಬಿಸಿಲಿಗೆ ಇಡದೆ ಅದೇ ದಿನ ತಂದು, ಮನೆಯ ಬಾಲ್ದಿಯಲ್ಲಿ ಏರ್ ಪಂಪಿಗೆ ಜೋಡಿಸಿ ಗುಳ್ಳೆ ಬಿಡಿಸುತ್ತಿರಿ. ದಿನಕ್ಕೆರಡು ಕಾಳು ಮೀನಿನ ತಿಂಡಿ ಹಾಕಿದರೆ ಬ್ಯಾಕ್ಟೀರಿಯಾಕ್ಕೆ ಆಹಾರವಾಯಿತು. ಟ್ಯಾಂಕ್ ತೊಳೆದು ಪರೀಕ್ಷಿಸುವ ವಾರವಿಡೀ ಹೀಗೆ ಜೀವ ಹಿಡಿಸಿಟ್ಟುಕೊಳ್ಳಬಹುದು. ಒಣಗಿದ ಹಳೆಯ ಸ್ಪಾಂಜಿನಿಂದ ಈ ಲಾಭವಿಲ್ಲ. ಆ ಟ್ಯಾಂಕಿನಲ್ಲಿ ಮೀನು ರೋಗದಿಂದ ಸತ್ತಿದ್ದರೆ ಮಾತ್ರ ಸ್ಪಾಂಜಿನ ಆಸೆ ಬಿಡಿ.

ಸಾಗಿಸಿ, ತೊಳೆದು, ಸೋರುತ್ತದೆಯೇ ನೋಡಿ

ರಿಕ್ಷಾದಲ್ಲಿ 2 ಅಡಿಯದು ಹಿಂದಿನ ಸೀಟಿಗೆ ಸಲೀಸಾಗಿ ಕೂರುತ್ತದೆ. ಒಂದು ಹನಿ ನೀರು, ಒಂದು ಕಲ್ಲು ಒಳಗಿರಬಾರದು. ಅಡಿಗೆ ಮಡಚಿದ ಗೋಣಿ ಹಾಕಿ. ಎತ್ತುವಾಗ ಮೇಲಂಚು ಹಿಡಿಯದೆ ತಳಕ್ಕೆ ಕೈ ಕೊಡಿ.

ತೊಳೆಯಲು ಸೋಪು, ಪಾತ್ರೆಯ ಲಿಕ್ವಿಡ್ ಯಾವುದೂ ಬೇಡ. ಸುಣ್ಣದ ಕಲೆಗೆ ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಅರ್ಧ ಗಂಟೆ ಅಂಟಿಸಿಟ್ಟು ಬ್ಲೇಡಿನಿಂದ ಕೆರೆಯಿರಿ, ಮೂಲೆಯ ಸಿಲಿಕೋನಿಗೆ ಬ್ಲೇಡು ತಾಗದಿರಲಿ. ರೋಗದ ಸಂಶಯವಿದ್ದರೆ ಮನೆಬಳಕೆಯ ದ್ರವ ಬ್ಲೀಚ್ 1 ಪಾಲಿಗೆ 20 ಪಾಲು ನೀರು ಸೇರಿಸಿ ಕಾಲು ಗಂಟೆ ನೆನೆಸಿ, ಹಲವು ಸಲ ತೊಳೆದು, ಎರಡು ದಿನ ಬಿಸಿಲಿಗಿಡಿ. ವಿನೆಗರ್ ಮತ್ತು ಬ್ಲೀಚನ್ನು ಯಾವ ಕಾರಣಕ್ಕೂ ಒಟ್ಟಿಗೆ ಬಳಸಬೇಡಿ. ಏಳುವುದು ಕ್ಲೋರಿನ್ ಅನಿಲ.

ಸೋರಿಕೆಯ ಪರೀಕ್ಷೆ ಅಂಗಳದಲ್ಲೋ ಜಗಲಿಯಲ್ಲೋ ಆಗಲಿ. ಸಮತಟ್ಟಾದ ಹಲಗೆ, ಅದರ ಮೇಲೆ ತೆಳು ಥರ್ಮಕೋಲ್, ಅದರ ಮೇಲೆ ಟ್ಯಾಂಕ್, ಸುತ್ತ ನಾಲ್ಕೂ ಕಡೆ ಗಾಜಿಗೆ ತಾಗುವಂತೆ ಒಣ ಪತ್ರಿಕೆ. ಮೂರನೇ ಒಂದು ಭಾಗ ತುಂಬಿ, ಕೆಲವು ಗಂಟೆ ಬಿಟ್ಟು ಮತ್ತೊಂದು ಭಾಗ, ಕೊನೆಗೆ ಪೂರ್ತಿ. ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿ 48 ಗಂಟೆ ಕಾಯಿರಿ. ಏಪ್ರಿಲ್ ಬಿಸಿಲಿಗೆ ಮಟ್ಟ ಸ್ವಲ್ಪ ಇಳಿಯುವುದು ಸಹಜ. ಪತ್ರಿಕೆ ಒಣಗಿದ್ದರೆ ಅದು ಆವಿಯಾದದ್ದು. ಮಳೆಗಾಲದಲ್ಲಿ ಇನ್ನೊಂದು ಮೋಸವಿದೆ: ಬಾವಿಯಿಂದ ಆಗಷ್ಟೇ ಸೇದಿದ ತಣ್ಣೀರು ತುಂಬಿದರೆ ಹೊರಗಾಜು ಬೆವರಿ ಪತ್ರಿಕೆ ಒದ್ದೆಯಾಗುತ್ತದೆ, ಸೋರುತ್ತಿದೆ ಎಂದು ಗಾಬರಿಯಾಗುತ್ತದೆ. ರಾತ್ರಿ ಬಾಲ್ದಿಯಲ್ಲಿಟ್ಟ ನೀರನ್ನೇ ತುಂಬಿ.

ಸೋರಿದರೆ ಸೋರುವ ಜಾಗಕ್ಕೆ ಮಾತ್ರ ಸಿಲಿಕೋನ್ ಮೆತ್ತಿ ಪ್ರಯೋಜನವಿಲ್ಲ. ಹೊಸ ಸಿಲಿಕೋನ್ ಹಳೆಯದರ ಮೇಲೆ ಹಿಡಿಯುವುದಿಲ್ಲ. ಒಳಮೂಲೆಗಳ ಸಿಲಿಕೋನ್ ಪೂರಾ ಬ್ಲೇಡಿನಿಂದ ತೆಗೆದು, ಸರ್ಜಿಕಲ್ ಸ್ಪಿರಿಟ್ಟಿನಿಂದ ಒರೆಸಿ, ಒಣಗಿದ ಮೇಲೆ ಒಂದೇ ಉಸಿರಿನಲ್ಲಿ ಎಲ್ಲಾ ಮೂಲೆಗೂ ಹಾಕಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳುವಾಗ ಗಾಜಿಗೆ ಹಾಕುವ ಶುದ್ಧ ಸಿಲಿಕೋನ್ ಎನ್ನಿ; ಬಚ್ಚಲಿಗೆಂದು ಬೂಸು ಹಿಡಿಯದ ಮದ್ದು ಸೇರಿಸಿದ ಟ್ಯೂಬ್ ಕೊಟ್ಟರೆ ವಾಪಸು ಮಾಡಿ, ಆ ಮದ್ದು ಮೀನಿಗೂ ಆಗದು. ಹುಳಿ ವಾಸನೆ ಪೂರಾ ಹೋಗುವವರೆಗೆ, ಅಂದಾಜು ಒಂದು ವಾರ, ನೀರು ಹಾಕಬೇಡಿ.

ಕೂರಿಸುವ ಜಾಗ

ನೀರು, ಮರಳು, ಗಾಜು ಸೇರಿ 2 ಅಡಿಯ ಟ್ಯಾಂಕ್ 70 ಕಿಲೋದ ಮೇಲಾಗುತ್ತದೆ. ಟಿ.ವಿ. ಸ್ಟ್ಯಾಂಡ್ ಅದಕ್ಕಾಗಿ ಹುಟ್ಟಿದ್ದಲ್ಲ. ಮನೆ ಕಟ್ಟಿ ಉಳಿದ ಕೆಂಪುಕಲ್ಲು ಹಿತ್ತಿಲಲ್ಲಿ ಬಿದ್ದಿರುತ್ತದಲ್ಲ, ಅದನ್ನೇ ಎರಡು ಕಂಬದಂತೆ ಪೇರಿಸಿ, ಮೇಲೆ ದಪ್ಪ ಹಲಗೆ ಹಾಕಿ. ಇದಕ್ಕಿಂತ ಗಟ್ಟಿ ಸ್ಟ್ಯಾಂಡ್ ದುಡ್ಡು ಕೊಟ್ಟರೂ ಸಿಗದು. ಮಟ್ಟ ನೋಡಲು ಮೇಸ್ತ್ರಿಗಳು ಬಳಸುವ ಪಾರದರ್ಶಕ ನೀರಿನ ಪೈಪು ಸಾಕು: ಪೈಪಿಗೆ ಗುಳ್ಳೆಯಿಲ್ಲದಂತೆ ನೀರು ತುಂಬಿ ಒಂದು ತುದಿ ಹಲಗೆಯ ಈ ಮೂಲೆಗೆ, ಇನ್ನೊಂದು ಆ ಮೂಲೆಗೆ ಹಿಡಿದರೆ ಎರಡೂ ಕಡೆ ನೀರು ಒಂದೇ ಎತ್ತರದಲ್ಲಿ ನಿಲ್ಲಬೇಕು. ಅದೇ ಅಳತೆಯ ಹೊಸ ಪೈಪು ಎರಡು ಮೀಟರ್ ಕೊಂಡರೆ ಮುಂದೆ ನೀರು ಹೊರತೆಗೆಯಲೂ ಅದೇ ಆಗುತ್ತದೆ. ಹಲಗೆ ಮತ್ತು ಟ್ಯಾಂಕಿನ ನಡುವೆ ಥರ್ಮಕೋಲ್ ಹಾಳೆ ಇರಲೇಬೇಕು. ಒಂದು ಕಾಳು ಮರಳು ಅಡಿಯಲ್ಲಿ ಸಿಕ್ಕಿಕೊಂಡರೂ ಭಾರವೆಲ್ಲ ಅಲ್ಲೇ ಬಿದ್ದು ಗಾಜು ಸೀಳಬಹುದು. ನೇರ ಬಿಸಿಲು ಬೀಳುವ ಕಿಟಕಿಯಿಂದ ದೂರವಿಡಿ, ಪಾಚಿ ಕಟ್ಟುತ್ತದೆ.

ಹೊಯಿಗೆ ಮತ್ತು ಗಿಡ

ಹೊಳೆಯ ಹೊಯಿಗೆ ಮನೆ ಕೆಲಸದಲ್ಲಿ ಉಳಿದದ್ದಿದ್ದರೆ ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು ಎರಡು ಇಂಚು ಹಾಸಿ. ಕಡಲ ಹೊಯಿಗೆ ಬೇಡ, ಎಂ-ಸ್ಯಾಂಡಿನ ಹುಡಿ ತೊಳೆದು ಮುಗಿಯುವುದಿಲ್ಲ. ಅಲಂಕಾರಕ್ಕೆ ಹೊಳೆಯ ನುಣುಪು ಕಲ್ಲು ಸಾಕು.

ಗಿಡಕ್ಕೆ ದುಡ್ಡು ಕೊಡಬೇಕಾಗಿಲ್ಲ. ಹೈಡ್ರಿಲ್ಲಾ ಗದ್ದೆಯ ತೋಡಿನಲ್ಲಿ, ಕೆರೆಯಲ್ಲಿ ಸಿಗುತ್ತದೆ. ಆದರೆ ಎಲ್ಲಿಂದ ತರುತ್ತೀರಿ ಎನ್ನುವುದರ ಮೇಲೆ ಕಣ್ಣಿರಲಿ. ನಮ್ಮ ಅಡಿಕೆ ತೋಟಗಳಿಗೆ ಕೊಳೆರೋಗದ ವಿರುದ್ಧ ಮಳೆಗಾಲದ ಮೊದಲು ಮತ್ತು ನಡುವೆ ಬೋರ್ಡೋ ಮದ್ದು ಬಿಡುತ್ತೇವೆ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರ, ತಾಮ್ರ ಮೀನಿಗೆ ವಿಷ; ಸೀಗಡಿ ಮತ್ತು ಬಸವನಹುಳಕ್ಕಂತೂ ಕೂಡಲೇ. ಮಳೆಗೆ ಅದು ತೊಳೆದು ತೋಟದ ಕಣಿಗೆ, ಕಣಿಯಿಂದ ತೋಡಿಗೆ ಇಳಿಯುತ್ತದೆ. ಮದ್ದು ಬಿಟ್ಟ ತೋಟದ ಕೆಳಗಿನ ತೋಡಿನಿಂದ ಗಿಡವನ್ನೂ ನೀರನ್ನೂ ತರಬೇಡಿ. ಮದ್ದು ಕಲಸಿದ ಡ್ರಮ್ಮು, ಬಾಲ್ದಿ ಎಷ್ಟು ತೊಳೆದರೂ ಮೀನಿನ ಕೆಲಸಕ್ಕೆ ಬೇಡ. ಅಕ್ವೇರಿಯಂಗೆಂದೇ ಒಂದು ಬಾಲ್ದಿ, ಒಂದು ಮಗ್ಗು ಬೇರೆ ಇಡಿ.

ತಂದ ಗಿಡವನ್ನು 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಹುಡಿ ಕದಡಿ ಎರಡು ಗಂಟೆ ನೆನೆಸಿ, ಚೆನ್ನಾಗಿ ತೊಳೆಯಿರಿ. ಬಸವನಹುಳ, ಜಿಗಣೆ ಹೆಚ್ಚಿನವು ಹೋಗುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ ಒಂದು ಉಳಿದರೂ ಸಣ್ಣ ಮೀನುಗಳನ್ನು ಹಿಡಿದು ತಿನ್ನುತ್ತದೆ, ಹಾಗಾಗಿ ಎಲೆ ಎಲೆ ಬಿಡಿಸಿ ನೋಡಿ.

ನೀರು: ನಮ್ಮ ಊರಿನ ಲೆಕ್ಕ ಬೇರೆ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೆರೆದ ಬಾವಿಯಾಗಲಿ, ಬಾಯಾರಿನಲ್ಲಿ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ್ದಾಗಲಿ, ಮಳೆ ಕೆಂಪುಕಲ್ಲಿನ ಮೂಲಕ ಇಳಿದು ಬಂದದ್ದು. ಆ ಕಲ್ಲಿನಲ್ಲಿ ಕಬ್ಬಿಣ, ಅಲ್ಯುಮಿನಿಯಂ ಧಾರಾಳ, ಸುಣ್ಣ ಇಲ್ಲವೆನ್ನುವಷ್ಟು. ಹಾಗಾಗಿ ಪಿ.ಎಚ್. (ನೀರಿನ ಹುಳಿ-ಕ್ಷಾರದ ಅಳತೆ; 7 ನಡುಮಟ್ಟ, ಕೆಳಗಿಳಿದಷ್ಟೂ ಹುಳಿ) 7ಕ್ಕಿಂತ ಕೆಳಗೇ ಇರುತ್ತದೆ. ಕುಡಿಯಲು ರುಚಿ, ಬಟ್ಟೆಗೆ ಸೋಪು ನೊರೆ ಬರುತ್ತದೆ. ಅಕ್ವೇರಿಯಂನಲ್ಲಿ ಮಾತ್ರ ಒಂದು ತೊಡಕು ಇದೆ. ಒಂದು ಗ್ರಾಂ ಅಮೋನಿಯಾ ನೈಟ್ರೋಜನ್ ನೈಟ್ರೇಟ್ ಆಗುವಾಗ ಸುಮಾರು 7 ಗ್ರಾಂ ಕ್ಯಾಲ್ಸಿಯಂ ಕಾರ್ಬನೇಟಿಗೆ (ಚಿಪ್ಪಿನಲ್ಲಿರುವ ಸುಣ್ಣದಂಶ) ಸಮನಾದ ಕ್ಷಾರ ಖರ್ಚಾಗುತ್ತದೆ. ಗಡಸು ನೀರಿನವರಿಗೆ ಅದು ಲೆಕ್ಕಕ್ಕೇ ಇಲ್ಲ. ನಮ್ಮ ನೀರಿನಲ್ಲಿ ಇರುವ ಚೂರುಪಾರು ಕೆಲವೇ ವಾರದಲ್ಲಿ ಮುಗಿದು ಪಿ.ಎಚ್. 6ಕ್ಕಿಂತ ಕೆಳಗೆ ಜಾರುತ್ತದೆ, ಅಲ್ಲಿ ಬ್ಯಾಕ್ಟೀರಿಯಾ ಕೆಲಸವನ್ನು ಬಹುತೇಕ ನಿಲ್ಲಿಸುತ್ತವೆ. ನೀರು ತಿಳಿಯಾಗೇ ಕಾಣುತ್ತಿರುತ್ತದೆ, ಅಮೋನಿಯಾ ಏರುತ್ತಿರುತ್ತದೆ.

ಮದ್ದು ಅಡುಗೆಮನೆಯಲ್ಲೇ ಇದೆ. ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡುವ ಮನೆಯಾದರೆ ತಿಂದು ಎಸೆಯುವ ಚಿಪ್ಪನ್ನು ಕುದಿಸಿ, ಉಜ್ಜಿ, ಒಣಗಿಸಿ, ಗೋಣಿಯಲ್ಲಿ ಸುತ್ತಿ ಕಲ್ಲಿನಿಂದ ಒರಟಾಗಿ ಜಜ್ಜಿ. ಒಂದು ಹಿಡಿಯಷ್ಟನ್ನು ಈರುಳ್ಳಿಯ ಬಲೆಚೀಲದಲ್ಲಿ ಕಟ್ಟಿ, ಫಿಲ್ಟರಿನ ಗುಳ್ಳೆ ಏಳುವ ಬಳಿ ಇಳಿಬಿಡಿ. ತಿನ್ನದವರಿಗೆ ಉಪ್ಪಳ, ಕುಂಬಳೆಯ ಕಡಲ ತೀರದಲ್ಲಿ ಖಾಲಿ ಚಿಪ್ಪು ಸಿಗುತ್ತದೆ; ಉಪ್ಪು ಹೋಗುವಂತೆ ನೆನೆಸಿ ತೊಳೆದರಾಯಿತು. ಚಿಪ್ಪಿನ ಗುಣವೆಂದರೆ ನೀರು ಹುಳಿಯಾದಾಗ ಹೆಚ್ಚು ಕರಗುತ್ತದೆ, ಸರಿಯಾದಾಗ ತಾನೇ ನಿಧಾನಿಸುತ್ತದೆ. ಇದೇ ಕೆಲಸಕ್ಕೆ ವೀಳ್ಯದ ಸುಣ್ಣ ಹಾಕುವ ಯೋಚನೆ ಯಾರಿಗಾದರೂ ಬಂದೀತು. ಖಂಡಿತ ಬೇಡ. ಸುಣ್ಣ ಪಿ.ಎಚ್.ಅನ್ನು ಒಮ್ಮೆಗೇ ಮೇಲೆ ಹಾರಿಸುತ್ತದೆ, ಹುಳಿ ನೀರಿನಲ್ಲಿ ಅಷ್ಟೇನೂ ಹಾನಿ ಮಾಡದೆ ಕೂತಿದ್ದ ಅಮೋನಿಯಾ ಆಗ ನಿಜವಾದ ವಿಷವಾಗುತ್ತದೆ.

ಪಿ.ಎಚ್. ನೋಡುವವರು ಆಗಷ್ಟೇ ಸೇದಿದ ನೀರಿಗೆ ಕಿಟ್ಟಿನ ಹನಿ ಹಾಕಬೇಡಿ. ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಲೆಕ್ಕ ತಪ್ಪಿಸುತ್ತದೆ. ಒಂದು ದಿನ ಗುಳ್ಳೆ ಬಿಡಿಸಿ ನೋಡಿ. ಬೋರ್‌ವೆಲ್ ನೀರಾದರೆ ಬಾಲ್ದಿಯಲ್ಲಿಟ್ಟು ಮರುದಿನ ನೋಡಿ: ಮೇಲೆ ಎಣ್ಣೆಯಂಥ ಬಣ್ಣದ ಪೊರೆ, ಅಡಿಯಲ್ಲಿ ಕಂದು ಗಸಿ ಕಂಡರೆ ಕಬ್ಬಿಣ ಹೆಚ್ಚಿದೆ. ಒಂದು ದಿನ ಗಾಳಿ ಬಿಟ್ಟು, ಗಸಿ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಳಸಿ. ಕಡಲ ಬದಿಯ ಬಾವಿಗಳು ಬೇಸಿಗೆಯ ಕೊನೆಗೆ ಉಪ್ಪಾಗುತ್ತವೆ, ಆ ದಿನಗಳಲ್ಲಿ ನಾಲಗೆಗೆ ಗೊತ್ತಾಗುವಷ್ಟು ಉಪ್ಪಿದ್ದರೆ ಬೇರೆ ಬಾವಿಯದ್ದು ತನ್ನಿ.

ನಲ್ಲಿ ನೀರಿಗೆ ಕ್ಲೋರಿನ್ ಇರುತ್ತದೆ. ಬಾವಿಗೂ ಇರುವ ದಿನಗಳಿವೆ: ಮಳೆಗಾಲದ ಹೊತ್ತಿಗೆ ಆರೋಗ್ಯ ಕಾರ್ಯಕರ್ತರು ಬಂದು ಬ್ಲೀಚಿಂಗ್ ಪೌಡರ್ ಹಾಕಿ ಹೋಗುತ್ತಾರೆ. ಮನೆಯಲ್ಲಿ ವಿಚಾರಿಸದೆ ಅಂದು ನೀರು ಬದಲಿಸಿದರೆ ಮೀನು ಮಾತ್ರವಲ್ಲ, ಸ್ಪಾಂಜಿನ ಬ್ಯಾಕ್ಟೀರಿಯಾವೂ ಹೋದವು. ನೀರನ್ನು ಅಗಲ ಬಾಯಿಯ ಪಾತ್ರೆಯಲ್ಲಿ ಒಂದೆರಡು ದಿನ ಗಾಳಿಗಿಡಿ, ಅವಸರವಿದ್ದರೆ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹೈಪೋ ಹರಳು ಬಾಲ್ದಿಗೆ ಒಂದು ಸಣ್ಣದು ಸಾಕು.

ಫಿಲ್ಟರ್, ಮತ್ತು ಮೀನಿಲ್ಲದ ವಾರಗಳು

ಸ್ಪಾಂಜ್ ಫಿಲ್ಟರ್ ಮತ್ತು ಸಣ್ಣ ಏರ್ ಪಂಪ್, ಎರಡೂ ಸೇರಿ 500 ರೂಪಾಯಿಯ ಆಸುಪಾಸು. ಇವನ್ನು ಹೊಸದಾಗಿಯೇ ಕೊಳ್ಳಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ ಅಥವಾ ಪೈಪಿಗೆ ನಾನ್-ರಿಟರ್ನ್ ವಾಲ್ವ್ ಹಾಕಿ. ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಮ್ಮುಖವಾಗಿ ಹರಿದು ಪಂಪಿಗೂ ನೆಲಕ್ಕೂ ಇಳಿಯುತ್ತದೆ. ವಯರು ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಜೋತು ಮತ್ತೆ ಮೇಲೇರಬೇಕು, ಆಗ ಹನಿ ಪ್ಲಗ್ಗಿಗೆ ತಲುಪದೆ ಕೆಳಗೇ ತೊಟ್ಟಿಕ್ಕುತ್ತದೆ. 10 ವ್ಯಾಟಿನ ಎಲ್.ಇ.ಡಿ. ದಿನಕ್ಕೆ 6-7 ಗಂಟೆ ಸಾಕು.

ನೀರು ತುಂಬಿದ ಮೇಲೆ ಮೀನು ತರುವ ಅವಸರ ಬೇಡ. ಮಕ್ಕಳಿಗೆ ಈ ಮಾತು ಒಪ್ಪಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ. ಚಿಟಿಕೆ ತಿಂಡಿಯನ್ನು ದಿನಬಿಟ್ಟು ದಿನ ಖಾಲಿ ಟ್ಯಾಂಕಿಗೆ ಹಾಕುತ್ತಾ ಬನ್ನಿ. ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ತಿಂಡಿ ಹಾಕುತ್ತಿದ್ದರೂ ಎರಡೂ ಸೊನ್ನೆ ತೋರಿಸಿದ ದಿನ ಟ್ಯಾಂಕ್ ಸಿದ್ಧ. ನಮ್ಮ ಸೆಕೆಗೆ ಇದು ಚಳಿ ದೇಶಕ್ಕಿಂತ ಬೇಗ ಆಗುತ್ತದೆ. ಹಳೆಯ ಒದ್ದೆ ಸ್ಪಾಂಜು ಇದ್ದವರಿಗೆ ವಾರ, ಹತ್ತು ದಿನದಲ್ಲೇ ಆಗಬಹುದು. ದುಡ್ಡು ಉಳಿಸುವ ಜಾಗ ಬೇಕಾದಷ್ಟಿವೆ, ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್ಟಿಗೆ ಮಾತ್ರ ಕೈ ಬಿಗಿ ಮಾಡಬೇಡಿ.

ಯಾವ ಮೀನು, ಎಷ್ಟು

2 ಅಡಿಗೆ ಸಣ್ಣ ಜಾತಿಯವು 8-10. ಮೊದಲು ನಾಲ್ಕೈದು, ಎರಡು ವಾರ ಬಿಟ್ಟು ಉಳಿದವು. ಜೀಬ್ರಾ ಡೇನಿಯೋ, ಚೆರ್ರಿ ಬಾರ್ಬ್ ನಮ್ಮ ನೀರಿಗೆ ಹೇಳಿ ಮಾಡಿಸಿದವು. ಗಪ್ಪಿ, ಪ್ಲ್ಯಾಟಿಗೆ ಸುಣ್ಣದಂಶ ಬೇಕು, ಚಿಪ್ಪಿನ ಚೀಲ ಇದ್ದರೆ ಚೆನ್ನಾಗಿರುತ್ತವೆ. ಗಪ್ಪಿ ಗಂಡು ಮಾತ್ರ ತನ್ನಿ, ಇಲ್ಲವಾದರೆ ಮರಿ ಹಂಚಲು ಊರೆಲ್ಲ ಸುತ್ತಬೇಕು. ಗೋಲ್ಡ್‌ಫಿಶ್ ಈ ಅಳತೆಗೆ ಆಗದು. ಅಂಗಡಿಯವರು ಗಾಜು ತೊಳೆಯುತ್ತದೆ ಎಂದು ಕೊಡುವ ಸಕ್ಕರ್ ಒಂದೂವರೆ ಅಡಿವರೆಗೂ ಬೆಳೆಯುವ ಪ್ರಾಣಿ. ಗದ್ದೆ ತೋಡಿನಲ್ಲಿ ತಲೆಯ ಮೇಲೆ ಬಿಳಿ ಚುಕ್ಕೆ ಹೊತ್ತು ನೀರಿನ ಮೇಲ್ಪದರದಲ್ಲೇ ಓಡಾಡುವ, ಮಲಯಾಳದವರು ಮಾನತ್ತುಕಣ್ಣಿ ಎನ್ನುವ ಮೀನು ಸಾಕಲು ಸೊಗಸು. ಆದರೆ ಹಾರುತ್ತದೆ, ಸೊಳ್ಳೆ ಬಲೆಯ ಮುಚ್ಚಳ ಬೇಕೇ ಬೇಕು. ಕೆಂಪು ಗೆರೆಯ ಮಿಸ್ ಕೇರಳ ನಮ್ಮ ಚಂದ್ರಗಿರಿ ಹೊಳೆಯಲ್ಲೂ ಇರುವ, ಅಳಿವಿನ ಅಂಚಿಗೆ ಬಂದ ಜಾತಿ. ಗುಂಪಿನಲ್ಲಿ ಈಜುವ ಆ ಮೀನಿಗೆ 4 ಅಡಿಯ ಟ್ಯಾಂಕೂ ಕಡಿಮೆಯೇ. ಹೊಳೆಯಲ್ಲೇ ಇರಲಿ ಬಿಡಿ.

ತಂದ ಚೀಲವನ್ನು ಅರ್ಧ ಗಂಟೆ ತೇಲಿಬಿಟ್ಟು, ಟ್ಯಾಂಕಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ. ಕೊನೆಗೆ ಮೀನನ್ನು ಮಾತ್ರ ಬಲೆಯಿಂದ ಒಳಗೆ ಬಿಡಿ, ಅಂಗಡಿಯ ನೀರು ಹೊರಗೆ. ತಿಂಡಿ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ವಾರಕ್ಕೊಮ್ಮೆ ಒಂದು ಬಾಲ್ದಿ, ಸುಮಾರು 10-12 ಲೀಟರ್, ಹೊರತೆಗೆದು ಅಷ್ಟೇ ಹೊಸ ನೀರು ಹಾಕಿ. ತೆಗೆದದ್ದು ಬಸಳೆ ಚಪ್ಪರಕ್ಕೆ ಒಳ್ಳೆಯ ಗೊಬ್ಬರ. ಸ್ಪಾಂಜನ್ನು ಆ ಹಳೆಯ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಬೇಡ.

ಕರೆಂಟು ಹೋದಾಗ

ಜೂನ್-ಜುಲೈಯಲ್ಲಿ ಮರ ಬಿದ್ದು ಲೈನ್ ತುಂಡಾದರೆ ಕರೆಂಟು ಬರುವುದು ಮರುದಿನವೇ. ತುಲಾಮಾಸದ (ಅಕ್ಟೋಬರ್-ನವೆಂಬರ್) ಸಂಜೆ ಸಿಡಿಲಿಗೆ ನಾವೇ ಪ್ಲಗ್ ಕಿತ್ತಿಡುತ್ತೇವೆ. ಮೀನು ಕಡಿಮೆ ಇದ್ದು ಗಿಡ ಇರುವ ಟ್ಯಾಂಕ್ ಐದಾರು ಗಂಟೆ ತಾಳಿಕೊಳ್ಳುತ್ತದೆ. ಆಮೇಲೆ ಮೊಬೈಲಿನ ಪವರ್‌ಬ್ಯಾಂಕಿಗೆ ಜೋಡಿಸುವ ಸಣ್ಣ ಯು.ಎಸ್.ಬಿ. ಏರ್ ಪಂಪ್ ಕೈಹಿಡಿಯುತ್ತದೆ. ಅದೂ ಇಲ್ಲದಿದ್ದರೆ ಗಂಟೆಗೊಮ್ಮೆ ಲೋಟದಲ್ಲಿ ನೀರು ತೆಗೆದು ಒಂದಡಿ ಎತ್ತರದಿಂದ ಹತ್ತಿಪ್ಪತ್ತು ಸಲ ಹೊಯ್ಯಿರಿ. ಕರೆಂಟು ಬರುವವರೆಗೆ ತಿಂಡಿ ಹಾಕಬೇಡಿ. ಮೀನು ಎರಡು ದಿನ ಉಪವಾಸವಿದ್ದರೆ ಸಾಯುವುದಿಲ್ಲ, ಕೊಳೆತ ತಿಂಡಿಗೆ ಸಾಯುತ್ತದೆ. ಏಪ್ರಿಲ್-ಮೇಯ ಸೆಕೆಯಲ್ಲಿ ಬಿಸಿ ನೀರಿಗೆ ಆಮ್ಲಜನಕ ಹಿಡಿಯುವ ಶಕ್ತಿಯೇ ಕಡಿಮೆ. ಮಧ್ಯಾಹ್ನ ಲೈಟು ಆರಿಸಿ, ಪಂಪನ್ನು ಮಾತ್ರ ನಿಲ್ಲಿಸಬೇಡಿ.

ಹೆಚ್ಚಾದ ಮರಿ, ಬೇಡವಾದ ಸಕ್ಕರ್, ಕತ್ತರಿಸಿದ ಗಿಡ ಯಾವುದನ್ನೂ ತೋಡಿಗೆ, ಹೊಳೆಗೆ ಬಿಡಬೇಡಿ. ಕೇರಳದ ಹಲವು ಹೊಳೆ, ಕೆರೆಗಳಲ್ಲಿ ಸಕ್ಕರ್ ಈಗಾಗಲೇ ಬೇರೂರಿದೆ. ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಿ. ಮೀನನ್ನು ಕೊಂಡ ಅಂಗಡಿಯವರಲ್ಲೇ ಕೇಳಿ ನೋಡಿ, ದುಡ್ಡು ಕೊಡದಿದ್ದರೂ ಬೇಡವೆನ್ನುವವರು ಕಡಿಮೆ.